ಬಲಿಷ್ಠರ ಗುಂಪೆಲ್ಲ ತಂಡವಲ್ಲ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದರೆ ಶಾಲೆಯ ಇತಿಹಾಸ, ಗುರುಹಿರಿಯರ ಸ್ಮರಣೆ, ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಂಡ ಬಗೆ, ಇವುಗಳಲ್ಲಿ ಯಾವುದಾದರೊಂದನ್ನು ಓದುಗರು ನಿರೀಕ್ಷಿಸುವುದು ಸಹಜ. ಆ ವಿಷಯಗಳನ್ನು ನನಗಿಂತ ಸಮರ್ಥರು ಬರೆಯುವರೆಂಬ ಭರವಸೆಯಿಂದ ನಾನು ಮಕ್ಕಳ ಆಟವೊಂದನ್ನು ಆಯ್ದುಕೊಂಡಿದ್ದೇನೆ. ಅದು ಚಿಣ್ಣಿದಾಂಡೂ ಅಲ್ಲ, ಕುಂಟೆಬಿಲ್ಲೆಯೂ ಅಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಮನೆಗಳಲ್ಲಿ ಸಂಜೆಯಾಯಿತೆಂದರೆ ಮೊಮ್ಮಕ್ಕಳು ಮೊಬೈಲ್ ಫೋನಿನಲ್ಲಿ ಆಡುವ ‘ಪೋಕೆಮಾನ್’ ಎಂಬ ಆಟ. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಒಂದರ ಮೇಲೊಂದನ್ನು ಛೂ ಬಿಡುವ ಈ ಆಟವನ್ನು ಕಂಡು ಹಿರಿಯರು ಮೂಗು ಮುರಿಯುವುದುಂಟು. ಆದರೆ ತಂಡ ಕಟ್ಟುವ ವಿದ್ಯೆಯ ಬಗ್ಗೆ ಶಾಲೆಗಳೂ ಸಂಘಸಂಸ್ಥೆಗಳೂ ಕಲಿಯಬೇಕಾದ ಪಾಠವೊಂದು ಈ ಆಟದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಈ ಆಟವನ್ನೇ ಅರಿಯದವರಿಗೂ ತಿಳಿಯುವಂತೆ ಕನ್ನಡದಲ್ಲಿ ವಿವರಿಸಲು ಯತ್ನಿಸುತ್ತೇನೆ.

ಆಟದ ಹುಟ್ಟೂರು ಜಪಾನ್. ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುವ ಹವ್ಯಾಸವಿದ್ದ ಸತೋಶಿ ತಾಜಿರಿ ಎಂಬವರು, ಪಟ್ಟಣ ಬೆಳೆದು ಹೊಲಗದ್ದೆಗಳು ಮರೆಯಾದ ಮೇಲೆ ಆ ಸಂತೋಷವನ್ನು ಬೇರೊಂದು ರೂಪದಲ್ಲಿ ಮಕ್ಕಳಿಗೆ ಕೊಡಲು ಹೊರಟು ಈ ಆಟವನ್ನು ರೂಪಿಸಿದರು. 1996ರ ಫೆಬ್ರವರಿ 27ರಂದು ನಿಂಟೆಂಡೋ ಸಂಸ್ಥೆಯ ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರಕ್ಕಾಗಿ ಅದು ಹೊರಬಂದಿತು. ಮೊದಲ ಆಟದಲ್ಲಿದ್ದ ಪ್ರಾಣಿಗಳು 151. ಈಗ ಸಾವಿರವನ್ನು ದಾಟಿವೆ. ಕಾಳಗದಲ್ಲಿ ಸೋತ ಪ್ರಾಣಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಆರೈಕೆಯಿಂದ ಮತ್ತೆ ಎಚ್ಚರಗೊಳ್ಳುತ್ತದೆ. ರಕ್ತಪಾತದ ಆಟವೆಂಬ ಶಂಕೆಯನ್ನು ಹಿರಿಯರು ಇಲ್ಲಿಗೇ ಬಿಡಬಹುದು.

ಪ್ರತಿಯೊಂದು ಪ್ರಾಣಿಯೂ ಒಂದು ಅಥವಾ ಎರಡು ವರ್ಗಗಳಿಗೆ ಸೇರಿದೆ. ಬೆಂಕಿ, ನೀರು, ಹಸಿರು, ವಿದ್ಯುತ್ತು, ನೆಲ, ಬಂಡೆ, ಹಾರಾಟ ಎಂದು ಮುಂತಾಗಿ ಒಟ್ಟು 18 ವರ್ಗಗಳಿವೆ. ನೀರಿನ ಪೆಟ್ಟು ಬೆಂಕಿಯ ಪ್ರಾಣಿಗೆ ಎರಡು ಪಟ್ಟು ತಗಲುತ್ತದೆ. ಬೆಂಕಿಯ ಪೆಟ್ಟು ನೀರಿನ ಪ್ರಾಣಿಗೆ ಅರ್ಧ ಮಾತ್ರ. ವಿದ್ಯುತ್ತಿನ ಪೆಟ್ಟು ನೆಲದ ಪ್ರಾಣಿಗೆ ತಗಲುವುದೇ ಇಲ್ಲ. ನೆಲದ ಪೆಟ್ಟು ಹಾರುವ ಪ್ರಾಣಿಯನ್ನು ಮುಟ್ಟುವುದಿಲ್ಲ. ಎರಡು ವರ್ಗಗಳಿಗೆ ಸೇರಿದ ಪ್ರಾಣಿಗೆ ಎರಡರ ದೌರ್ಬಲ್ಯವೂ ಒಂದೇ ಕಡೆ ಕೂಡಿದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ. ನೀರು ಹಾಗೂ ಹಾರಾಟದ ವರ್ಗಗಳಿಗೆ ಸೇರಿದ ‘ಗ್ಯಾರಡೋಸ್’ ಎಂಬ ಮಹಾಸರ್ಪವು ನೋಡಲು ಭಯಂಕರ. ಆದರೆ ಸಾಮಾನ್ಯ ಮಿಂಚೊಂದು ತಗುಲಿದರೂ ತತ್ತರಿಸಿಹೋಗುತ್ತದೆ. ಯಾವ ಪೆಟ್ಟಿಗೂ ಬೆದರದ ಸರ್ವಶಕ್ತನೊಬ್ಬ ತಂಡಕ್ಕೆ ದೊರೆಯುವುದಿಲ್ಲ. ಆಟವನ್ನು ರೂಪಿಸಿದ ಬಗೆಯೇ ಹಾಗಿದೆ.

ಅಧಿಕೃತ ಪಂದ್ಯಕ್ಕೆ ಆಟಗಾರನು ಆರು ಪ್ರಾಣಿಗಳ ತಂಡವನ್ನು ಕರೆತರುತ್ತಾನೆ. ಒಂದೇ ಜಾತಿಯ ಪ್ರಾಣಿ ಎರಡು ಬಾರಿ ಬರುವಂತಿಲ್ಲ. ಎದುರಾಳಿಯ ಆರನ್ನೂ ನೋಡಿದ ಮೇಲೆ ತನ್ನ ಆರರಲ್ಲಿ ನಾಲ್ಕನ್ನು ಆರಿಸಿಕೊಳ್ಳುತ್ತಾನೆ. ಅಂಗಳದಲ್ಲಿ ಒಂದು ಸಲಕ್ಕೆ ಎರಡೆರಡು ಪ್ರಾಣಿಗಳು ಎದುರುಬದುರಾಗಿ ನಿಲ್ಲುತ್ತವೆ. ಪ್ರತಿಯೊಂದಕ್ಕೂ ಗೊತ್ತಿರುವ ಪಟ್ಟುಗಳು ನಾಲ್ಕೇ. ಹೊಸದಾಗಿ ಆಡುವ ಹುಡುಗನು ಮಾಡುವ ಮೊದಲ ಕೆಲಸವೆಂದರೆ ತನಗೆ ಗೊತ್ತಿರುವ ಆರು ಅತ್ಯಂತ ಬಲಶಾಲಿ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸುವುದು. ಅವನು ಸೋಲುತ್ತಾನೆ. ಆರರಲ್ಲಿ ನಾಲ್ಕಕ್ಕೆ ಒಂದೇ ದೌರ್ಬಲ್ಯವಿದ್ದರೆ, ಎದುರಾಳಿಯು ಆ ಒಂದು ಪೆಟ್ಟನ್ನು ಬಲ್ಲ ಒಂದೇ ಪ್ರಾಣಿಯಿಂದ ನಾಲ್ಕನ್ನೂ ಉರುಳಿಸಿಬಿಡುತ್ತಾನೆ.

ಕೆಲಕಾಲ ಆಡಿದವನು ಬೇರೆ ರೀತಿಯಲ್ಲಿ ಯೋಚಿಸತೊಡಗುತ್ತಾನೆ. ಬೆಂಕಿಯ ಶತ್ರು ನೀರು. ಆ ನೀರನ್ನು ತಡೆಯಲು ಹಸಿರು ಬೇಕು. ಹಸಿರನ್ನು ಸುಡಲು ಬರುವ ಬೆಂಕಿಗೆ ಎದುರಾಗಿ ಮತ್ತೆ ನೀರು ಬೇಕು. ಮೂರೂ ಒಂದರ ಬೆನ್ನನ್ನು ಇನ್ನೊಂದು ಕಾಯುತ್ತವೆ. ಇನ್ನುಳಿದ ಮೂರು ಸ್ಥಾನಗಳಿಗೆ ಅವನು ಕೇಳುವ ಪ್ರಶ್ನೆಗಳಿವು: ಮೊದಲ ಪೆಟ್ಟು ಕೊಡುವ ವೇಗ ಯಾರಿಗಿದೆ? ಪೆಟ್ಟು ತಿಂದು ನಿಲ್ಲುವವರು ಯಾರು? ಜೊತೆಗಾರನಿಗೆ ಎಡೆ ಮಾಡಿಕೊಡುವವರು ಯಾರು? ‘ಭೂಕಂಪ’ ಎಂಬ ಪಟ್ಟನ್ನು ಹಾಕಿದರೆ ಎದುರಿನ ಇಬ್ಬರ ಜೊತೆಗೆ ತನ್ನ ಪಕ್ಕದವನೂ ಪೆಟ್ಟು ತಿನ್ನುತ್ತಾನೆ. ಆದಕಾರಣ ಭೂಕಂಪ ಬಲ್ಲವನ ಪಕ್ಕದಲ್ಲಿ ಹಾರುವ ಪ್ರಾಣಿಯನ್ನು ನಿಲ್ಲಿಸುವುದು ಜಾಣತನ. ಇಲ್ಲಿ ಯೋಗ್ಯತೆಯೆಂಬುದು ಒಬ್ಬೊಬ್ಬನಲ್ಲಿ ಬೇರೆಯಾಗಿ ಇರುವುದಿಲ್ಲ, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ.

ಲೆಕ್ಕದ ಮಾತೊಂದನ್ನೂ ಹೇಳಬೇಕು. ಪ್ರತಿ ಪ್ರಾಣಿಗೆ ಆರು ಗುಣಗಳು: ಜೀವಬಲ, ಎರಡು ಬಗೆಯ ದಾಳಿ, ಎರಡು ಬಗೆಯ ರಕ್ಷಣೆ, ವೇಗ. 2022ರ ‘ಸ್ಕಾರ್ಲೆಟ್’, ‘ವಯೊಲೆಟ್’ ಆಟಗಳಲ್ಲಿ ಪಳಗಿಸುವಾಗ ಈ ಗುಣಗಳಿಗೆ ಹಂಚಬಹುದಾದ ಅಂಕಗಳು ಒಟ್ಟು 510. ಒಂದು ಗುಣಕ್ಕೆ 252ಕ್ಕಿಂತ ಹೆಚ್ಚು ಸಲ್ಲುವುದಿಲ್ಲ. ದಾಳಿಗೆ 252, ವೇಗಕ್ಕೆ 252 ಎಂದು ಸುರಿದರೆ ಉಳಿದ ನಾಲ್ಕು ಗುಣಗಳಿಗೆ ದಕ್ಕುವುದು 6 ಮಾತ್ರ. ಒಂದು ಕಡೆ ಏರಿಸಿದ್ದನ್ನು ಇನ್ನೊಂದು ಕಡೆ ತೆರಲೇಬೇಕು. ಆದ್ದರಿಂದಲೇ ಒಬ್ಬನಲ್ಲಿ ಕೊರತೆಯಾದದ್ದನ್ನು ಇನ್ನೊಬ್ಬನಿಂದ ತುಂಬಿಕೊಳ್ಳುವುದು ಅನಿವಾರ್ಯವಾಗುತ್ತದೆ. ಕೂಡುವ ಕಳೆಯುವ ಲೆಕ್ಕವೆಂದರೆ ಓಡಿಹೋಗುವ ಹುಡುಗನೂ ಈ 510ನ್ನು ಹಂಚಲು ಕಾಗದ, ಪೆನ್ಸಿಲ್ ಹಿಡಿದು ಕೂರುತ್ತಾನೆ.

ಈ ತತ್ತ್ವಕ್ಕೆ ಪ್ರಸಿದ್ಧವಾದ ಉದಾಹರಣೆ 2014ರ ವಿಶ್ವ ಸ್ಪರ್ಧೆಯದು. ಅಮೆರಿಕದ ವಾಷಿಂಗ್ಟನ್‌ನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ಗೆದ್ದವರು ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್. ಅವರ ತಂಡದಲ್ಲಿ ‘ಪಚಿರಿಸು’ ಎಂಬ ಪುಟ್ಟ ವಿದ್ಯುತ್ ಅಳಿಲು ಇತ್ತು. ಆರು ಗುಣಗಳ ಮೂಲಾಂಕಗಳನ್ನು ಕೂಡಿದರೆ ಅದರ ಮೊತ್ತ 405. ಅದೇ ತಂಡದಲ್ಲಿದ್ದ ‘ಗಾರ್ಚಾಂಪ್’ ಎಂಬ ಘಟಸರ್ಪದ್ದು 600. ಅಂತಹ ಸ್ಪರ್ಧೆಗೆ ಈ ಅಳಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆದರೆ ಅದಕ್ಕೆ ಎರಡು ವಿದ್ಯೆಗಳಿದ್ದವು. ಜೊತೆಗಾರನ ಮೇಲೆ ಬರುವ ಪೆಟ್ಟುಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದು ಒಂದು. ವಿದ್ಯುತ್ತಿನ ಪೆಟ್ಟು ಬಿದ್ದರೆ ಅದನ್ನೇ ಹೀರಿ ಚೇತರಿಸಿಕೊಳ್ಳುವುದು ಇನ್ನೊಂದು. ಮೇಲೆ ಹೇಳಿದ ಗ್ಯಾರಡೋಸ್ ಮಹಾಸರ್ಪವೂ ಆ ತಂಡದಲ್ಲಿತ್ತು. ಅದರ ಭಯವಾದರೋ ವಿದ್ಯುತ್ತು. ಅಳಿಲು ಪಕ್ಕದಲ್ಲಿ ನಿಂತಿತು, ಸರ್ಪದ ಭಯ ತೊಲಗಿತು. ಬಲಿಷ್ಠನ ಬಲವನ್ನು ಬಳಕೆಗೆ ತಂದದ್ದು ದುರ್ಬಲನ ಕಾವಲು. ಸೇತುವೆಗೆ ಮರಳು ಹೊತ್ತ ಅಳಿಲಿನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸತಾಗಿ ತೋರಬೇಕಾದುದಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಫೋನಿನಲ್ಲಿ ಸುಲಭವಾಗಿ ದೊರಕುವುದು ‘ಪೋಕೆಮಾನ್ ಗೋ’ ಎಂಬ ರೂಪ. ಭಾರತಕ್ಕೆ ಅದು ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರಿನಲ್ಲಿ. ಇದರ ಕಾಳಗಕ್ಕೆ ಇಳಿಯುವ ಪ್ರಾಣಿಗಳು ಮೂರು. ‘ಗ್ರೇಟ್ ಲೀಗ್’ ಎಂಬ ಪಂದ್ಯದಲ್ಲಿ ಯಾವ ಪ್ರಾಣಿಯ ಶಕ್ತಿಯ ಅಂಕವೂ 1,500ನ್ನು ಮೀರುವಂತಿಲ್ಲ. ಈ ಒಂದು ಮಿತಿಯಿಂದ ಆಟದ ಲೋಕವೇ ತಲೆಕೆಳಗಾಗುತ್ತದೆ. ಮಿತಿಯಿಲ್ಲದ ಪಂದ್ಯದಲ್ಲಿ ಕೇಳುವವರಿಲ್ಲದ ‘ಅಜುಮರಿಲ್’ ಎಂಬ ಮೊಲದಂತಹ ನೀರುಪ್ರಾಣಿ, ತಾಳಿಕೆಯ ಗುಣದಿಂದಾಗಿ ಇಲ್ಲಿ ವರ್ಷಗಳ ಕಾಲ ಮುಂಚೂಣಿಯಲ್ಲಿ ನಿಂತಿತು. ಮೂವರಲ್ಲಿ ಮೊದಲು ಹೋಗುವವನು ಯಾರು, ಮೊದಲಿನವನು ಸಿಕ್ಕಿಬಿದ್ದಾಗ ಧೈರ್ಯವಾಗಿ ಬದಲಿ ಬರುವವನು ಯಾರು, ಕೊನೆಯಲ್ಲಿ ಮುಗಿಸಿಬರುವವನು ಯಾರು ಎಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. 2025ರ ಆಗಸ್ಟಿನಲ್ಲಿ ಅಮೆರಿಕದ ಅನಾಹೈಮ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯ ಪೋಕೆಮಾನ್ ಗೋ ವಿಭಾಗದಲ್ಲಿ ಭಾರತದ ಯುವಕ ವೇದ್ ಬಂಬ್ ಪ್ರಥಮ ಸ್ಥಾನ ಗಳಿಸಿದರೆಂಬುದನ್ನು ಈ ಆಟವನ್ನು ಕೇವಲ ಕಾಲಹರಣವೆನ್ನುವವರು ಗಮನಿಸಬಹುದು.

ತೂಕವರಿತು ತಂಡ ಕಟ್ಟುವ ಬುದ್ಧಿ ನಮ್ಮವರಿಗೆ ಜಪಾನಿನಿಂದ ಬರಬೇಕಾಗಿರಲಿಲ್ಲ. ದೇವಸ್ಥಾನದ ಜಗಲಿಕಲ್ಲಿನ ಮೇಲೆ ಗೆರೆ ಕೊರೆದು ಆಡುತ್ತಿದ್ದ ಆಡುಹುಲಿ ಆಟವನ್ನು ನೆನೆಯಿರಿ. ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಆಡು. ಆಡಿಗೆ ಹುಲಿಯನ್ನು ಕೊಲ್ಲುವ ಅಧಿಕಾರವೇ ಇಲ್ಲ. ಆದರೂ ಒಂದರ ಹಿಂದೊಂದು ಎಡೆಬಿಡದೆ ನಿಂತು ಹುಲಿ ಕದಲದಂತೆ ಕಟ್ಟಿಹಾಕಿದರೆ ಗೆಲವು ಆಡಿನದು. ಒಂಟಿಯಾಗಿ ಮುಂದೆ ಹೋದ ಆಡು ಹುಲಿಯ ಬಾಯಿಗೆ ಬೀಳುತ್ತದೆ. ಈ ಜಿಲ್ಲೆಗಳಲ್ಲಿ ನೆಲೆಸಿರುವ ಕನ್ನಡ ಮಾತಿನ ದೇವಾಂಗ ನೇಕಾರರ ಮನೆಗಳಲ್ಲಿಯೂ ಇದೇ ವಿದ್ಯೆ. ಮಗ್ಗದ ಮೇಲೆ ಕೂತು ಲಾಳಿ ಎಸೆಯುವವನು ಒಬ್ಬನಾದರೂ, ನೂಲು ಸುತ್ತುವವರು, ಕಂಡಿಕೆ ತುಂಬುವವರು, ಹಾಸು ಹೂಡುವವರು ಎಂದು ಮನೆಯ ಮುದುಕಿಯಿಂದ ಮಗುವಿನವರೆಗೆ ಎಲ್ಲರಿಗೂ ಕೆಲಸವಿತ್ತು. ಎಲ್ಲರೂ ಮಗ್ಗದ ಮೇಲೆಯೇ ಕೂರುತ್ತೇವೆಂದು ಹಠ ಹಿಡಿದಿದ್ದರೆ ಸೀರೆ ನೇಯ್ದು ಮುಗಿಯುತ್ತಿರಲಿಲ್ಲ.

ತೂಕ ತಪ್ಪಿದರೆ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಬನಿಯನ್ ಉದ್ಯಮಕ್ಕೆ ಹೆಸರಾದ ತಿರುಪ್ಪೂರಿನಲ್ಲಿ ಹೆಣೆಯುವುದು, ಬಣ್ಣ ಹಾಕುವುದು, ಕತ್ತರಿಸುವುದು, ಹೊಲಿಯುವುದು, ಪರೀಕ್ಷಿಸುವುದು, ಕಟ್ಟುವುದು, ಒಂದೊಂದೂ ಬೇರೆ ಬೇರೆ ಕೈಗಳಲ್ಲಿ ನಡೆಯುವ ಕೆಲಸ. ಪರದೇಶಗಳಿಗೆ ಬಟ್ಟೆ ಕಳುಹಿಸುವುದರಲ್ಲಿ ಊರು ಮುಂದೆ ಮುಂದೆ ಓಡಿತು. ಬಣ್ಣದ ಕೊಳಚೆನೀರನ್ನು ಶುದ್ಧಿಮಾಡುವ ಕೆಲಸ ಹಿಂದೆ ಉಳಿಯಿತು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ನೊಯ್ಯಲ್ ನದಿ ಕೆಟ್ಟಿತು, ನದಿಯ ಕೆಳಭಾಗದ ರೈತರ ಹೊಲಗಳು ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಸಾಯಪ್ಪಟ್ಟರೈ ಎಂದು ಇಲ್ಲಿಯವರು ಕರೆಯುವ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿದಾಗ ಹೆಣೆಯುವವನಿಂದ ಹೊಲಿಯುವವನವರೆಗೆ ಎಲ್ಲರ ಕೈಯೂ ಕಟ್ಟಿಹೋಯಿತು. ದಾಳಿಗೆ 252, ವೇಗಕ್ಕೆ 252, ರಕ್ಷಣೆಗೆ ಶೂನ್ಯ ಎಂಬ ಲೆಕ್ಕ ಊರಿನ ಮಟ್ಟದಲ್ಲಿ ನಡೆದರೆ ಹೀಗಾಗುತ್ತದೆ.

ಇಲ್ಲಿ ಪೋಷಕರ ಆಕ್ಷೇಪಗಳಿಗೆ ಉತ್ತರ ಹೇಳುವುದು ನ್ಯಾಯ. ಕಣ್ಣು ಕೆಡುತ್ತದೆ, ಓದು ಹಿಂದೆ ಬೀಳುತ್ತದೆ, ಹಣ ಪೋಲಾಗುತ್ತದೆ ಎಂಬ ಅವರ ಮಾತಿನಲ್ಲಿ ಹುರುಳಿದೆ. ಹೊತ್ತಿಗೊಂದು ಕಟ್ಟಳೆ ಬೇಕೇ ಬೇಕು. ಆಟದೊಳಗೆ ಹಣ ಕೊಟ್ಟು ಸಾಮಗ್ರಿ ಕೊಳ್ಳುವ ಅಂಗಡಿಯೂ ಇದೆ. ಅದರ ಬೀಗದ ಕೈ ಹಿರಿಯರಲ್ಲಿರಬೇಕು. ಆದರೆ ಹಣವನ್ನು ಪಣಕ್ಕಿಟ್ಟು ಆಡುವ ಇಸ್ಪೀಟಿನಂತಹ ಆಟಗಳೊಡನೆ ಇದನ್ನು ಸೇರಿಸಿ ಬೈಯುವುದು ಸರಿಯಲ್ಲ. ಆನ್‌ಲೈನ್ ಜೂಜಿನ ವಿರುದ್ಧ ತಮಿಳುನಾಡು 2022ರಲ್ಲಿಯೇ ಕಾಯಿದೆ ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೂ ಹಣದ ಆಟಗಳನ್ನು ನಿಷೇಧಿಸಿ, ಕೌಶಲದ ಸ್ಪರ್ಧೆಯಾದ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಕಾನೂನು ಕಾಣುವ ಭೇದವನ್ನು ಮನೆಯವರೂ ಕಾಣಬೇಕು. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಫೋನಿನಲ್ಲಿ ಇಂಗ್ಲಿಷ್ ಎಂದು ಬೆಳೆಯುತ್ತಿರುವ ಮಗುವಿಗೆ ತನ್ನ ಪ್ರೀತಿಯ ಆಟವನ್ನು ತಾತನಿಗೆ ವಿವರಿಸಲು ಕನ್ನಡದ ಮಾತುಗಳೇ ಇಲ್ಲವಾದರೆ, ಕನ್ನಡವು ದೇವರ ನಾಮಕ್ಕೂ ಹಬ್ಬದ ಹೋಳಿಗೆಗೂ ಮಾತ್ರ ಮೀಸಲಾದೀತು. ‘ನಿನ್ನ ಆರರಲ್ಲಿ ನೀರಿನ ಪೆಟ್ಟಿಗೆ ಬೀಳುವವರು ಎಷ್ಟು ಮಂದಿ?’ ಎಂದು ತಾತನು ಕನ್ನಡದಲ್ಲಿ ಕೇಳಿದರೆ, ಉತ್ತರವೂ ಕನ್ನಡದಲ್ಲಿಯೇ ಬರುವ ಸಂಭವ ಹೆಚ್ಚು.

ಇನ್ನು ಶಾಲೆಯ ವಿಷಯ. ರಸಪ್ರಶ್ನೆಗೆ, ಚರ್ಚಾಸ್ಪರ್ಧೆಗೆ, ವಿಜ್ಞಾನ ಪ್ರದರ್ಶನಕ್ಕೆ ತಂಡವನ್ನು ಆರಿಸುವಾಗ ಶಾಲೆಗಳು ಸಾಮಾನ್ಯವಾಗಿ ತೆರೆಯುವುದು ಅಂಕಪಟ್ಟಿಯನ್ನು. ಮೊದಲ ನಾಲ್ಕು ಸ್ಥಾನದವರೇ ಎಲ್ಲ ಸ್ಪರ್ಧೆಗೂ ಹೋಗುತ್ತಾರೆ. ನಾಲ್ವರೂ ಗಣಿತದಲ್ಲಿ ಗಟ್ಟಿಗರು, ನಾಲ್ವರೂ ಪತ್ರಿಕೆ ಓದದವರು. ಕ್ರೀಡೆಯ ಪ್ರಶ್ನೆ ಬಂದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಂದೇ ಪೆಟ್ಟಿಗೆ ಬೀಳುವ ಪ್ರಾಣಿಗಳ ತಂಡವೆಂದರೆ ಇದೇ. ಹಿಂದಿನ ಬೆಂಚಿನಲ್ಲಿ ಕೂತು ಕ್ರಿಕೆಟ್ಟಿನ ಓಟಗಳನ್ನು ವರ್ಷಸಹಿತ ಹೇಳಬಲ್ಲ ಹುಡುಗನು ನಲವತ್ತು ಅಂಕದವನಾದರೂ ಐದನೆಯ ತೊಂಬತ್ತರವನಿಗಿಂತ ಆ ತಂಡಕ್ಕೆ ಹೆಚ್ಚು ಬೇಕಾದವನು. ನನ್ನ ಸಲಹೆ ಇಷ್ಟೇ: ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಒಂದು ಕೋಷ್ಟಕ ಬರೆಯಲಿ. ಮೇಲ್ಗಡೆ ಬರಬಹುದಾದ ಪೆಟ್ಟುಗಳು, ಎಡಗಡೆ ಮಕ್ಕಳ ಹೆಸರುಗಳು. ಯಾವ ಅಂಕಣ ಖಾಲಿಯಾಗಿ ಉಳಿಯಿತೋ ಅದನ್ನು ತುಂಬುವ ಮಗುವನ್ನು ಹುಡುಕಲಿ. ಈ ಹುಡುಕಾಟವನ್ನು ಮಕ್ಕಳಿಗೇ ವಹಿಸಿದರೆ ಇನ್ನೂ ಒಳ್ಳೆಯದು. ತಮ್ಮಲ್ಲಿ ಯಾರಿಗೆ ಏನು ಗೊತ್ತೆಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಆಟಕ್ಕೂ ಶಾಲೆಗೂ ಇರುವ ಒಂದು ದೊಡ್ಡ ಅಂತರವನ್ನು ಮರೆಯಬಾರದು. ಆಟದಲ್ಲಿ ಬೇಡವಾದ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ಬೇರೊಂದನ್ನು ಹಿಡಿದು ತರಬಹುದು. ಶಾಲೆಗೆ ಆ ಸ್ವಾತಂತ್ರ್ಯವಿಲ್ಲ, ಇರಲೂ ಕೂಡದು. ಬಾಗಿಲಿಗೆ ಬಂದವರಿಂದಲೇ ತಂಡ ಕಟ್ಟಬೇಕು. ಆದರೆ ಹತ್ತನೆಯ ತರಗತಿಯಲ್ಲಿ ನೂರಕ್ಕೆ ನೂರು ಫಲಿತಾಂಶವೆಂಬ ಫಲಕವನ್ನು ಗೇಟಿನ ಮೇಲೆ ತೂಗುಹಾಕುವ ಆಸೆಯಿಂದ, ಒಂಬತ್ತನೆಯ ತರಗತಿಯಲ್ಲಿಯೇ ಹಿಂದುಳಿದವರ ಪೋಷಕರನ್ನು ಕರೆದು ವರ್ಗಾವಣೆ ಪತ್ರವನ್ನು ಕೈಯಲ್ಲಿಡುವ ಪರಿಪಾಠ ಅನೇಕ ಶಾಲೆಗಳಲ್ಲಿ ಬೆಳೆದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕದಂತೆ ತಡೆದಿದೆ. ಒಂಬತ್ತಕ್ಕೆ ಕಾಲಿಟ್ಟ ಮಗುವಿಗೆ ಆ ಕಾವಲಿಲ್ಲ. ಹಾಗೆ ಕಳುಹಿಸಲ್ಪಟ್ಟವನು ಬೇರೊಂದು ಶಾಲೆಗೆ ಹೋಗುವನೆಂಬ ಖಾತರಿಯಾದರೂ ಏನಿದೆ? ಈ ಸೀಮೆಯಲ್ಲಿ ಹದಿನಾಲ್ಕು ಹದಿನೈದರ ಹುಡುಗ ಓದು ಬಿಟ್ಟನೆಂದರೆ ಅವನನ್ನು ದುಡಿಮೆಗೆ ಎಳೆದುಕೊಳ್ಳುವ ಬಾಗಿಲುಗಳಿಗೆ ಕೊರತೆಯಿಲ್ಲ.

ಭಾಷಾ ಅಲ್ಪಸಂಖ್ಯಾತರ ಶಾಲೆಯಲ್ಲಂತೂ ಈ ಪರಿಪಾಠವು ಆತ್ಮಘಾತಕ. ನಮಗೆ ಬರುವ ಮಕ್ಕಳೇ ಎಣಿಕೆಗೆ ಸಿಕ್ಕುವಷ್ಟು. ಒಬ್ಬನನ್ನು ಹೊರಗೆ ಕಳುಹಿಸಿದರೆ ಅವನ ಹಿಂದೆ ಅವನ ತಂಗಿ ಹೋಗುತ್ತಾಳೆ, ಮುಂದೆ ಅವನ ಮಗುವೂ ಈ ಕಡೆ ತಲೆಹಾಕುವುದಿಲ್ಲ. ಆಟದಲ್ಲಿ ‘ಟ್ರಿಕ್ ರೂಮ್’ ಎಂಬ ಪಟ್ಟೊಂದಿದೆ. ಅದನ್ನು ಹಾಕಿದರೆ ಐದು ಸರದಿಗಳವರೆಗೆ ಅಂಗಳದ ನಿಯಮವೇ ತಿರುವುಮುರುವಾಗಿ, ಎಲ್ಲರಿಗಿಂತ ನಿಧಾನವಾದವನಿಗೆ ಮೊದಲ ಸರದಿ ಸಿಕ್ಕುತ್ತದೆ. ಜಾಣ ಆಟಗಾರನು ನಿಧಾನಿಯನ್ನು ತಂಡದಿಂದ ತೆಗೆಯದೆ ಅಂಗಳವನ್ನೇ ಅವನಿಗೆ ಹೊಂದಿಸುತ್ತಾನೆ. ತರಗತಿಯಲ್ಲಿಯೂ ವಾರಕ್ಕೆ ಐದು ಅವಧಿಗಳನ್ನು ಹೀಗೆ ತಿರುವಿಹಾಕಲು ಸಾಧ್ಯ. ಥಟ್ಟನೆ ಕೈಯೆತ್ತುವವರು ಸುಮ್ಮನಿರಲಿ. ನಿಧಾನವಾಗಿ ಯೋಚಿಸುವವನು ಮೊದಲು ಮಾತಾಡಲಿ. ಬರೆಯಲಾರದವನು ಕೈಯಿಂದ ಮಾಡಿ ತೋರಿಸಲಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಅಧ್ಯಾಪಕನ ಮನಸ್ಸೊಂದು ಬೇಕು.

ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ಈ ಮಹೋತ್ಸವದ ಹುರುಪಿನಲ್ಲಿ ಶಾಲೆಯ ಮುಂದಿನ ದಿನಗಳಿಗಾಗಿ ಸಮಿತಿಗಳು ರಚನೆಯಾಗುತ್ತವೆ. ಅವುಗಳಲ್ಲಿ ಧನಿಕರು, ಪದವಿಯಲ್ಲಿರುವವರು, ಮಾತುಗಾರರು ಸಹಜವಾಗಿಯೇ ಸೇರುತ್ತಾರೆ, ಅವರು ಬೇಕು. ಆದರೆ ಆರೂ ಮಂದಿ ವೇದಿಕೆಯ ಮೇಲೆ ಕೂರುವವರೇ ಆದರೆ ಕುರ್ಚಿ ಹಾಕುವವರು ಯಾರು? ಲೆಕ್ಕವನ್ನು ಕಾಸುಕಾಸಿಗೆ ಬರೆದಿಡುವವರೊಬ್ಬರು, ತಮಿಳಿನಲ್ಲಿ ಅರ್ಜಿ ಬರೆದು ಕಚೇರಿಗೆ ಹತ್ತು ಸಲ ಅಲೆಯುವ ತಾಳ್ಮೆಯವರೊಬ್ಬರು, ಮನೆಮನೆಗೆ ಹೋಗಿ ತಾಯಂದಿರೊಡನೆ ಕೂತು ಮಾತಾಡಿ ಒಂದನೆಯ ತರಗತಿಗೆ ಮಕ್ಕಳನ್ನು ಕರೆತರಬಲ್ಲ ಹೆಣ್ಣುಮಗಳೊಬ್ಬಳು, ಇಬ್ಬರು ದೊಡ್ಡವರು ಸಿಡುಕಿದಾಗ ನಡುವೆ ನಿಂತು ಪೆಟ್ಟನ್ನು ತಾನು ತಿಂದು ಅರಗಿಸಿಕೊಳ್ಳುವ ಅಳಿಲಿನಂತಹವರೊಬ್ಬರು ಅಲ್ಲಿರಲಿ. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಊರಿನಲ್ಲಿಯೇ ಉಳಿದು, ಶಾಲೆಯ ಮಾಡು ಸೋರಿದಾಗ ಕರೆಯದೆಯೇ ಏಣಿ ಹೊತ್ತು ಬರುವ ಹಳೆಯ ವಿದ್ಯಾರ್ಥಿಗೂ ಆ ಪಟ್ಟಿಯಲ್ಲಿ ಸ್ಥಾನವಿರಲಿ. ಸಮಿತಿಯ ಹೆಸರುಗಳನ್ನು ಬರೆಯಲು ಕೂತಾಗ ಮೊದಲು ಕೇಳಬೇಕಾದದ್ದು ನಮ್ಮಲ್ಲಿ ದೊಡ್ಡವರು ಯಾರೆಂದಲ್ಲ. ನಮ್ಮ ಶಾಲೆಗೆ ಬರಬಹುದಾದ ಪೆಟ್ಟುಗಳು ಯಾವುವು, ಒಂದೊಂದಕ್ಕೂ ಎದುರು ನಿಲ್ಲುವವರು ಯಾರು ಎಂದು ಕೇಳಿ, ಉತ್ತರ ಬಂದಂತೆ ಹೆಸರು ಬರೆಯಿರಿ.